ಅಂಧೇರಿಯಲ್ಲೊಂದು ಫಾರಂ

ಅಂಧೇರಿ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ಚಕಾಲಾ ಕಡೆ ನಡೆಯುತ್ತಿದ್ದರೆ ರಿಕ್ಷಾದವರ ಹಿಂದಿ, ಮೀನು ಮಾರುವವರ ಮರಾಠಿ, ಅಂಗಡಿಯವರ ಗುಜರಾತಿ, ಸೀಪ್ಜ್ ಕಡೆ ಓಡುವ ನನ್ನಂಥ ಐಟಿಯವರ ಇಂಗ್ಲಿಷ್ ಎಲ್ಲವೂ ಕಿವಿಗೆ ಬೀಳುತ್ತವೆ. 2014ರಲ್ಲಿ ಮೆಟ್ರೋ ಬಂದ ಮೇಲೂ ನಾನು ಆಗಾಗ ಈ ದಾರಿಯಲ್ಲಿ ನಡೆಯುತ್ತೇನೆ. ಕಾರಣ, ಮಧ್ಯೆ ಸಿಗುವ ಉಡುಪಿ ಹೋಟೆಲು.

ಕಳೆದ ತಿಂಗಳು ಅಲ್ಲಿ ಕಾಫಿ ಕುಡಿಯುತ್ತಾ ಮಗಳ ಶಾಲೆಯ ಫಾರಂ ತೆಗೆದೆ. ಆರನೇ ಕ್ಲಾಸಿನಿಂದ ಫ್ರೆಂಚ್, ಜರ್ಮನ್, ಜಪಾನಿ ಇವುಗಳಲ್ಲಿ ಒಂದನ್ನು ಆರಿಸಬೇಕು. ಇಂಗ್ಲಿಷ್, ಹಿಂದಿ ಆಗಲೇ ಇವೆ. ಮರಾಠಿಯನ್ನು ರಾಜ್ಯದ 2020ರ ಕಾನೂನು ಕಡ್ಡಾಯ ಮಾಡಿದೆ. ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿ ಕೊರಿಯನ್, ಥಾಯ್, ರಷ್ಯನ್ ಸೇರಿದಂತೆ ಎಂಟು ವಿದೇಶಿ ಭಾಷೆಗಳನ್ನು ಹೆಸರಿಸಿತು. 2019ರ ಕರಡಿನಲ್ಲಿದ್ದ ಚೀನೀ ಭಾಷೆ ಮಾತ್ರ ಅಂತಿಮ ಪಟ್ಟಿಯಲ್ಲಿ ಇರಲಿಲ್ಲ. ಅಂದರೆ ಭಾಷೆಯ ಪಟ್ಟಿ ಯಾವಾಗ ಬೇಕಾದರೂ ಬದಲಾಗಬಹುದು.

ನನ್ನ ಒಲವು ಜರ್ಮನ್ ಕಡೆಗೆ. ಜರ್ಮನಿಯ ಕ್ಲೈಂಟ್ ಜೊತೆ ನಮ್ಮ ಕೆಲಸವೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತದೆ. ಆದರೆ ಜರ್ಮನ್ ಕಲಿತ ಸಹೋದ್ಯೋಗಿಯ ಜೊತೆ ಅವರು ಮೀಟಿಂಗ್ ಮುಗಿದ ಮೇಲೂ ಮಾತಾಡುತ್ತಾ ಕೂರುತ್ತಾರೆ. ನಮಗೆ ಬರುವುದು ಮಿನಿಟ್ಸ್ ಮಾತ್ರ.

"ಎಂತ ಸಾರ್, ಪರೀಕ್ಷೆಯಾ?" ಎಂದರು ಗಲ್ಲಾದಲ್ಲಿದ್ದ ಹಿರಿಯರು. ವಿಷಯ ಹೇಳಿದೆ. ಅವರು ಹುಡುಗನಾಗಿ ಬಂದಾಗ ತುಳು, ಕನ್ನಡ ಬಿಟ್ಟು ಬೇರೇನೂ ಬರುತ್ತಿರಲಿಲ್ಲವಂತೆ. ಹಗಲು ಹೋಟೆಲು, ರಾತ್ರಿ ಕನ್ನಡ ಶಾಲೆ. ಕರಾವಳಿಯಿಂದ ಬಂದ ಎಷ್ಟೋ ಹುಡುಗರು ಮುಂಬಯಿಯ ಆ ರಾತ್ರಿ ಶಾಲೆಗಳಲ್ಲೇ ಓದಿದವರು. ಮರಾಠಿ, ಗುಜರಾತಿಯನ್ನು ಗಿರಾಕಿಗಳೇ ಕಲಿಸಿದರಂತೆ.

"ಮಾತಾಡ್ಲಿಕ್ಕೆ ಜನ ಇದ್ರೆ ಯಾವ ಭಾಷೆಯೂ ಬರ್ತದೆ. ಮಗು ಮನೆಯಲ್ಲಿ ಎಂತ ಮಾತಾಡ್ತದೆ?"

ನನಗೆ ಉತ್ತರ ಹೊಳೆಯಲಿಲ್ಲ. ಭಾನುವಾರ ಹಾಸನದಿಂದ ಅಮ್ಮ ಫೋನ್ ಮಾಡಿದರೆ ಮಗಳು "ಅಜ್ಜಿ, ಊಟ ಆಯ್ತಾ?" ಎಂದು ಕೇಳಿ ಫೋನನ್ನು ನನ್ನ ಕೈಗೆ ಕೊಡುತ್ತಾಳೆ. ಬೇಸಿಗೆಯಲ್ಲಿ ಇಲ್ಲಿಗೆ ಬಂದಿದ್ದಾಗ ಅಮ್ಮ ನನ್ನ ಬಾಲ್ಯದ ಪೆಚ್ಚು ಪ್ರಸಂಗವೊಂದನ್ನು ಹೇಳಿ ತಾವೇ ಬಿದ್ದು ಬಿದ್ದು ನಕ್ಕರು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವಷ್ಟರಲ್ಲಿ ನಗು ಆರಿಹೋಗಿತ್ತು. ಮಗಳು ಮರ್ಯಾದೆಗೆ ನಕ್ಕಳು. ಅಮ್ಮನಿಗೆ ಅದು ಗೊತ್ತಾಯಿತು.

ಶಾಲೆಗಳು ವಿದೇಶಿ ಭಾಷೆ ಕಲಿಸಲಿ, ಖಂಡಿತ ಕಲಿಸಲಿ. ಆದರೆ ಯಾವುದು ಎಂದು ಕೇಳುವ ಮೊದಲು, ಅದನ್ನು ಯಾರ ಜೊತೆ ಮಾತಾಡುತ್ತಾರೆ ಎಂದು ಕೇಳಬೇಕು. ಮಾತಾಡುವವರಿಲ್ಲದ ಭಾಷೆ ಮಾರ್ಕ್ಸ್ ಕಾರ್ಡಿನಲ್ಲೇ ಉಳಿಯುತ್ತದೆ. ನಮ್ಮ ಮನೆಯಲ್ಲಿ ಕನ್ನಡಕ್ಕೆ ಮಾತಾಡುವವರು ಇದ್ದರು. ಮಧ್ಯೆ ದುಭಾಷಿಯಾಗಿ ನಿಂತವನು ನಾನೇ.

ಸಹೋದ್ಯೋಗಿ ಶನಿವಾರ ಮಗಳ ಜೊತೆ ಮಾತಾಡಲು ಒಪ್ಪಿದಳು, ಜರ್ಮನ್‌ಗೆ ಟಿಕ್ ಹಾಕಿದೆ. ಭಾನುವಾರ ಫೋನನ್ನು ಮಗಳಿಗೇ ಕೊಟ್ಟು ತರಕಾರಿ ತರಲು ಹೋಗುತ್ತಿದ್ದೇನೆ. ಮೊದಲ ವಾರ ಮೂರೇ ನಿಮಿಷಕ್ಕೆ ಮಾತು ಮುಗಿದಿತ್ತು. ಮೊನ್ನೆ ಚೀಲ ಹಿಡಿದು ಬಾಗಿಲಿಗೆ ಬಂದರೆ, ಒಳಗೆ ಮಗಳು ಕೇಳುತ್ತಿದ್ದಳು: "ಅಜ್ಜಿ, ಕೊಟ್ಟಿಗೆ ಅಂದ್ರೆ ಏನು?"

ಬೆಲ್ ಮಾಡದೆ ಹೊರಗೇ ನಿಂತೆ.