ಕಾಯಿ ಒಡೆದದ್ದು ಯಾರು?

ಶುಕ್ರವಾರ ಗೊರವನಹಳ್ಳಿಯ ಮಹಾಲಕ್ಷ್ಮಿ ಗುಡಿಯ ಮುಂದೆ ಸಾಲು ಬೇಗ ಸರಿಯುವುದಿಲ್ಲ. ಕೆಲವರು ಮೊಬೈಲ್ ಉಜ್ಜುತ್ತಾರೆ, ಕೆಲವರು ಅಷ್ಟೋತ್ತರ ಹೇಳಿಕೊಳ್ಳುತ್ತಾರೆ. ನನ್ನ ಚಟ ಬೇರೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ಇಂಗ್ಲಿಷಿನ ಕರ್ಮಣಿ ಪ್ರಯೋಗಕ್ಕೆ, ಅದರಲ್ಲೂ ಭೂತಕಾಲದ್ದಕ್ಕೆ, ತಿರುಗಿಸುತ್ತಾ ನಿಲ್ಲುವುದು.

'ಪೂಜಾರಿ ಕಾಯಿ ಒಡೆದರು.' ಇಲ್ಲಿ ಯಜಮಾನಿಕೆ ಪೂಜಾರಿಯದು. ಕಾಯಿಯನ್ನೆತ್ತಿ ಮುಂದೆ ಕೂರಿಸಿ. ಒಂದಾದರೆ 'ವಾಸ್', ಹೆಚ್ಚಾದರೆ 'ವರ್'. ಬ್ರೇಕ್-ಬ್ರೋಕ್-ಬ್ರೋಕನ್ ಎಂದು ಶಾಲೆಯಲ್ಲಿ ಉರು ಹೊಡೆದೆವಲ್ಲ, ಆ ಮೂರನೆಯದಕ್ಕೆ ಕೆಲಸ ಬರುವುದು ಇಲ್ಲೇ: ದ ಕೋಕೊನಟ್ ವಾಸ್ ಬ್ರೋಕನ್. ಅವಸರದಲ್ಲಿ 'ವಾಸ್ ಬ್ರೋಕ್' ಎಂದುಬಿಟ್ಟರೆ ಕಾಯಿ ದಿವಾಳಿಯೆದ್ದಿತು ಎಂದಾಗುತ್ತದೆ. ಲಕ್ಷ್ಮಿಯ ಎದುರಿಗೆ ಆ ಮಾತು ಬೇಡ. ಪೂಜಾರಿ ಬೇಕಿದ್ದರೆ 'ಬೈ' ಹಿಡಿದುಕೊಂಡು ಕೊನೆಗೆ ಬರಲಿ. ಬಾರದಿದ್ದರೂ ವಾಕ್ಯಕ್ಕೇನೂ ಕೊರತೆಯಿಲ್ಲ.

ಕಮಲಮ್ಮನವರು ಈ ಊರಿಗೆ ಬಂದರು ಎಂಬುದು ಮಾತ್ರ ಏನು ಮಾಡಿದರೂ ತಿರುಗದು. ಬರುವುದಕ್ಕೆ ಕರ್ಮಪದವೇ ಇಲ್ಲ! ಈ ಗುಡಿಯಲ್ಲಿ ನಿಂತುಹೋಗಿದ್ದ ಪೂಜೆಯನ್ನು ಅವರು ಮತ್ತೆ ನಡೆಸಿದರು ಎನ್ನಿ, 'ದ ವರ್ಶಿಪ್ ವಾಸ್ ರಿವೈವ್ಡ್' ಎಂದು ಸಲೀಸಾಗಿ ಹೊರಳುತ್ತದೆ. ಆದರೆ ಇಲ್ಲಿ 'ಬೈ ಕಮಲಮ್ಮ' ಬಿಟ್ಟರೆ ಊರವರು ಬಿಟ್ಟಾರೆಯೇ?

ನಮ್ಮ 'ಒಡೆಯಲ್ಪಟ್ಟಿತು' ವ್ಯಾಕರಣ ಪುಸ್ತಕದಾಚೆ ಯಾರ ಬಾಯಲ್ಲೂ ಇಲ್ಲ. ಕಚೇರಿಗಳಿಗೆ 'ಲಾಗಿದೆ' ಬಲು ಪ್ರೀತಿ. 'ನಿಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ.' ತಿರಸ್ಕರಿಸಿದ ಮಹಾಶಯರು ವಾಕ್ಯದಿಂದಲೇ ಎದ್ದು ಊಟಕ್ಕೆ ಹೋಗಿರುತ್ತಾರೆ.

ಈ ಆಟ ನನಗೆ ಕೈಕೊಡುವುದು ತುಮಕೂರಿನ ಹತ್ತಿರದ ಕೈದಾಳದಲ್ಲಿ. ಅಲ್ಲಿಯ ಚನ್ನಕೇಶವ ಗುಡಿಯನ್ನು 1150ರ ಸುಮಾರಿಗೆ ಕಟ್ಟಿಸಿದವನು ಹೊಯ್ಸಳ ಒಂದನೇ ನರಸಿಂಹನ ಸಾಮಂತ ಬಾಚಿ. 'ವಾಸ್ ಬಿಲ್ಟ್ ಬೈ ಬಾಚಿ' ಎಂದಾಗ ಸಾಮಂತನೇ ಉಳಿ ಹಿಡಿದು ಕೂತಂತಾಯಿತು. ಉಳಿ ಹಿಡಿದವನು ಜಕಣಾಚಾರಿ ಎನ್ನುತ್ತದೆ ಐತಿಹ್ಯ. ಅವನನ್ನು ಸೇರಿಸಹೊರಟರೂ ಅದೇ 'ಬೈ'. ಕೊಟ್ಟವನಿಗೂ ಕಡೆದವನಿಗೂ ಒಂದೇ ಪಂಕ್ತಿ. ಕನ್ನಡ 'ಕಟ್ಟಿದ', 'ಕಟ್ಟಿಸಿದ' ಎಂದು ಒಂದು 'ಇಸು' ಪ್ರತ್ಯಯದಲ್ಲಿ ಇಬ್ಬರನ್ನೂ ಅವರವರ ಜಾಗದಲ್ಲಿ ನಿಲ್ಲಿಸುತ್ತದೆ. ಇಂಗ್ಲಿಷಿಗೂ ಇದಕ್ಕೆ ದಾರಿಯಿದೆ, ಸುತ್ತುದಾರಿ. ಕರ್ಮಣಿ ಪ್ರಯೋಗದ ಮೇಲೆ ನನಗೆಷ್ಟೇ ಮೋಹವಿರಲಿ, ಗುಡಿ ಕಟ್ಟಿದ ಲೆಕ್ಕ ಒಪ್ಪಿಸುವಾಗ ನನ್ನ ಓಟು ಕನ್ನಡಕ್ಕೇ.