ಸೋತ ಆಟದ ಹಾಳೆ

ಚೆಸ್ ತರಬೇತಿಯಲ್ಲಿ ಕಾಯಿ ನಡೆಸುವುದನ್ನು ಮಕ್ಕಳು ಬೇಗ ಕಲಿತುಬಿಡುತ್ತಾರೆ. ನಿಜವಾದ ಪಾಠ ಶುರುವಾಗುವುದು ನಡೆ ಬರೆದಿಡುವುದರಿಂದ. ಕುದುರೆ ಎಫ್3 ಮನೆಗೆ ಹಾರಿದರೆ ಹಾಳೆಯಲ್ಲಿ ‘ಎನ್‌ಎಫ್3’. ಬೆಂಗಳೂರಿನ ಜಯನಗರವಾಗಲಿ ಬನಶಂಕರಿಯಾಗಲಿ, ಟೂರ್ನಿ ಮುಗಿಸಿ ಬಂದ ಮಗುವಿನಿಂದ ಒಳ್ಳೆಯ ಕೋಚ್ ಮೊದಲು ಕೇಳುವುದು ಸೋತ ಆಟದ ಹಾಳೆಯನ್ನು. ಆನೆ ಕೈತಪ್ಪಿದ್ದು ಎಷ್ಟನೇ ನಡೆಯಲ್ಲಿ, ಅದಕ್ಕೂ ಮುಂಚೆ ಎಡವಿದ್ದೆಲ್ಲಿ ಎಂದು ಮಗುವೇ ಬೆರಳಿಟ್ಟು ಹುಡುಕಬೇಕು. ಗೆದ್ದ ಕಪ್‌ಗಿಂತ ಈ ಹಾಳೆಯೇ ಹೆಚ್ಚು ಕಲಿಸುತ್ತದೆ.

ಸೋಲು-ಗೆಲುವು ರೇಟಿಂಗ್ ಅಂಕದಲ್ಲೂ ಕಾಣುತ್ತದೆ. ಒಂದು ಆಟದಿಂದ ಅಂಕ ಎಷ್ಟು ಬದಲಾಗಬಹುದೆಂದು ನಿರ್ಧರಿಸುವುದು ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆಯ ಕೆ ಗುಣಾಂಕ; 18 ವರ್ಷದೊಳಗಿನವರಿಗೆ ರೇಟಿಂಗ್ 2300ಕ್ಕಿಂತ ಕೆಳಗಿರುವವರೆಗೆ ಅದು 40. ಹಾಗಾಗಿ ಅಂಕ ಸರಸರ ಏರುತ್ತದೆ, ಅಷ್ಟೇ ಬೇಗ ಇಳಿಯುತ್ತದೆ; ಇಳಿದಾಗ ಹೆತ್ತವರು ಗಾಬರಿಯಾಗಬೇಕಿಲ್ಲ.

ಗ್ರ್ಯಾಂಡ್‌ಮಾಸ್ಟರ್ ಪಟ್ಟಕ್ಕೆ ಸಾಮಾನ್ಯವಾಗಿ ಮೂರು ನಾರ್ಮ್ (ಟೂರ್ನಿಯಲ್ಲಿ ನಿಗದಿತ ಮಟ್ಟದ ಸಾಧನೆ) ಮತ್ತು 2500 ರೇಟಿಂಗ್ ಬೇಕು. ಕರ್ನಾಟಕಕ್ಕೆ ಆ ಪಟ್ಟವನ್ನು ಮೊದಲು ತಂದವರು ಮೈಸೂರಿನ ಎಂ.ಎಸ್. ತೇಜ್‌ಕುಮಾರ್, 2017ರಲ್ಲಿ. 2022ರ ಸೆಪ್ಟೆಂಬರ್‌ನಲ್ಲಿ ರೊಮೇನಿಯಾದ ಮಮಾಯಾದಲ್ಲಿ ನಡೆದ ವಿಶ್ವ ಯುವ ಚೆಸ್ ಕೂಟದಲ್ಲಿ ಬೆಂಗಳೂರಿನ ಪ್ರಣವ್ ಆನಂದ್ 2500 ದಾಟಿ ದೇಶದ 76ನೇ ಗ್ರ್ಯಾಂಡ್‌ಮಾಸ್ಟರ್ ಆದರು. ಆಗ ವಯಸ್ಸು 15. ಅದೇ ಕೂಟದಲ್ಲಿ 16ರೊಳಗಿನವರ ವಿಶ್ವ ಕಿರೀಟವೂ ಅವರದಾಯಿತು. ಅದೇ ತಿಂಗಳು ಬೆಂಗಳೂರಿನ ಚಾರ್ವಿ ಅನಿಲ್‌ಕುಮಾರ್ ಜಾರ್ಜಿಯಾದ ಬಟುಮಿಯಲ್ಲಿ 8ರೊಳಗಿನ ಬಾಲಕಿಯರ ವಿಶ್ವ ಚಾಂಪಿಯನ್ ಆದಳು.