ಇಳಿದು ಹತ್ತುವ ಬೆಟ್ಟ

ಬೆಟ್ಟವೆಂದರೆ ಮೊದಲು ಹತ್ತಿ ಆಮೇಲೆ ಇಳಿಯತಕ್ಕುದು ಎಂಬ ನಂಬಿಕೆಯಿಂದಲೇ ನಾನು ಅರುವತ್ತೆರಡು ವರ್ಷ ಬದುಕಿದ್ದೆನು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಹತ್ತಿ ದಣಿದವನಿಗೆ ದೇವಿಯ ದರ್ಶನವಾಗುತ್ತದೆ. ಹಿಂದಿರುಗುವಾಗ ಕಾಲುಗಳು ತಾವಾಗಿಯೇ ಇಳಿಯುತ್ತವೆ. ಅಮೆರಿಕದ ಅರಿಜೋನಾ ಪ್ರಾಂತದ ಗ್ರ್ಯಾಂಡ್ ಕ್ಯಾನ್ಯನ್ನಿನಲ್ಲಿ ಈ ಕ್ರಮವು ತಲೆಕೆಳಗು. ಅಲ್ಲಿ ಮೊದಲು ಸುಖ, ಅನಂತರ ಶ್ರಮ.

ಆ ದೇಶದಲ್ಲಿ ನೌಕರಿಯಲ್ಲಿರುವ ಮಗನೊಡನೆ ಮೇ ತಿಂಗಳಿನ ಒಂದು ಬೆಳಗ್ಗೆ ದಕ್ಷಿಣದ ಅಂಚಿನಲ್ಲಿ ನಿಂತಾಗ ನನಗೆ ಮಾತು ಹೊರಡಲಿಲ್ಲ. ನೆಲವು ಕಾಲಬುಡದಲ್ಲಿಯೇ ಮುಗಿದುಹೋಗಿತ್ತು. ಕೊಲೊರಾಡೋ ನದಿಯು ಕೊರೆದ ಈ ಕಮರಿಯ ಉದ್ದ 446 ಕಿಲೋಮೀಟರು. ಅಗಲ ಕೆಲವೆಡೆ 29 ಕಿಲೋಮೀಟರು. ಆಳ ಸುಮಾರು ಒಂದು ಮೈಲಿ. ಅಂಚಿನ ಸುಣ್ಣಕಲ್ಲಿಗೆ 27 ಕೋಟಿ ವರ್ಷ ವಯಸ್ಸಾದರೆ, ತಳದ ಕರಿಯ ಶಿಲೆಗೆ ಸುಮಾರು 175 ಕೋಟಿ ವರ್ಷ. ಆ ಶಿಲೆಯ ಹೆಸರು 'ವಿಷ್ಣು' ಎಂದು ಕೇಳಿ ನಾನು ಬೆರಗಾದೆನು. 1882ರಲ್ಲಿ ಈ ಪ್ರದೇಶವನ್ನು ಕುರಿತು ಗ್ರಂಥ ಬರೆದ ಭೂಶಾಸ್ತ್ರಜ್ಞ ಕ್ಲಾರೆನ್ಸ್ ಡಟನ್ನರು ಇಲ್ಲಿಯ ಶಿಖರಗಳನ್ನು ಕಂಡು ವಿಷ್ಣು ದೇವಾಲಯ, ಶಿವ ದೇವಾಲಯ ಎಂದು ಹೆಸರಿಟ್ಟರಂತೆ. 1919ರಲ್ಲಿ ಈ ಪ್ರದೇಶವು ರಾಷ್ಟ್ರೀಯ ಉದ್ಯಾನವಾಯಿತು. ಉದ್ಯಾನವಾದದ್ದರಿಂದ ಎಲ್ಲರಿಗೂ ಸುಖವಾಯಿತೆನ್ನುವಂತಿಲ್ಲ. ಕೆಳಗಿನ ಚಿಲುಮೆಯ ಬಳಿ ಬೇಸಾಯ ಮಾಡಿಕೊಂಡಿದ್ದ ಹವಸುಪಾಯ್ ಜನರಲ್ಲಿ ಕೊನೆಯವರನ್ನು 1928ರಲ್ಲಿ ಹೊರಡಿಸಿದರು. ಆ ತೋಟಕ್ಕೆ ಅವರ ಹೆಸರು ಬಂದದ್ದು 2022ರಲ್ಲಿ.

ಬ್ರೈಟ್ ಏಂಜಲ್ ದಾರಿಯಲ್ಲಿ ಇಳಿಯತೊಡಗಿದೆವು. ಒಂದೂವರೆ ಮೈಲಿಯ ತಂಗುಮನೆಯಲ್ಲಿ ಮಗನು, "ಸಾಕಪ್ಪ, ಹಿಂದಿರುಗೋಣ" ಎಂದನು. "ನನಗೇನು ಮುಪ್ಪು ಬಂದಿದೆಯೇ?" ಎಂದು ನಾನು ಮುನ್ನಡೆದೆನು. ಮೂರು ಮೈಲಿಯ ತಂಗುಮನೆಯವರೆಗೂ ಕಾಲಿಗೆ ದಣಿವೆಂಬುದೇ ತಿಳಿಯಲಿಲ್ಲ.

ಹಿಂದಿರುಗುವಾಗ ತಿಳಿಯಿತು. ಸಾಲ ಪಡೆದಷ್ಟು ಸುಲಭವಾಗಿ ತೀರುವುದುಂಟೆ? ಬಿಸಿಲು ನೆತ್ತಿಗೇರಿತು, ಮೀನಖಂಡಗಳು ಸೆಳೆದುಕೊಂಡವು, ಎಷ್ಟು ನೀರು ಕುಡಿದರೂ ತಲೆ ಸುತ್ತು ನಿಲ್ಲಲಿಲ್ಲ. ಬಂಡೆಯೊಂದರ ನೆರಳಿನಲ್ಲಿ ಕುಳಿತುಬಿಟ್ಟೆನು. ಮಗನ ಮುಖವು ಬಿಳುಪೇರಿತು. ಆಗ ಆ ದಾರಿಯಲ್ಲಿ ಬಂದ ಉದ್ಯಾನದ ಕಾವಲಿನ ಹೆಣ್ಣುಮಗಳೊಬ್ಬಳು, ನಾನು ಎಷ್ಟು ನೀರು ಕುಡಿದೆನೆಂದು ಮಾತ್ರವಲ್ಲ, ಏನು ತಿಂದೆನೆಂದೂ ಕೇಳಿದಳು. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಬರಿಯ ನೀರನ್ನೇ ಕುಡಿಯುತ್ತಿದ್ದರೆ ಅಪಾಯವೆಂದು ಹೇಳಿ, ಉಪ್ಪಿನ ತಿಂಡಿ ಏನಾದರೂ ಇದೆಯೇ ಎಂದಳು.

ಇತ್ತು! ಹೊರಡುವಾಗ ಮನೆಯಾಕೆಯು ಕಟ್ಟಿಕೊಟ್ಟಿದ್ದ ಕೋಡುಬಳೆ. "ಅಮೆರಿಕದ ಕಾಡಿಗೆ ಕೋಡುಬಳೆಯೇ?" ಎಂದು ನಾನು ಹಾಸ್ಯಮಾಡಿದ್ದೆನು. ಈಗ ಅದನ್ನೇ ಪ್ರಸಾದದಂತೆ ತಿಂದೆನು. ಅರ್ಧ ಗಂಟೆಯ ಮೇಲೆ ಎದ್ದು ನಿಲ್ಲುವ ಶಕ್ತಿ ಬಂದಿತು.

ಮಗನು ನನ್ನ ಚೀಲವನ್ನೂ ತಾನೇ ಹೊತ್ತು, ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತ ನಡೆದನು. ತನಗೇ ದಣಿವಾದಂತೆ ನಟಿಸುತ್ತಿದ್ದನು. ಅವನು ಐದು ವರ್ಷದವನಾಗಿದ್ದಾಗ ಚಾಮುಂಡಿಯ ಮೆಟ್ಟಿಲಿನಲ್ಲಿ ನಾನೂ ಹಾಗೆಯೇ ನಟಿಸಿದ್ದೆನು. ಅವನಿಗೆ ನೆನಪಿದ್ದಿತೋ ಇಲ್ಲವೋ, ನಾನು ಕೇಳಲಿಲ್ಲ.

ಅಂಚನ್ನು ಸೇರಿದಾಗ ಸಂಜೆಯ ಬೆಳಕಿನಲ್ಲಿ ಕಮರಿಯೆಲ್ಲ ಕುಂಕುಮವಾಗಿತ್ತು. ಅಲ್ಲಿ ಕುಳಿತಿದ್ದ ಮನೆಯಾಕೆಯು ನನ್ನ ಮುಖವನ್ನು ನೋಡಿ ಏನನ್ನೂ ಕೇಳದೆ ಚೀಲವನ್ನು ಬಿಚ್ಚಿ, "ಒಂದೂ ಉಳಿದಿಲ್ಲವಲ್ಲ!" ಎಂದಳು.

"ಇನ್ನಷ್ಟು ಕಟ್ಟಬೇಕಾಗಿತ್ತು" ಎಂದೆನು.